ಕುಣಿತದಲ್ಲಿ ಕಥೆ

ಮಾತಿಲ್ಲದೆ ಕಥೆ ಹೇಳುವುದು ಹೇಗೆ? ಯೂರೋಪಿನ ಬ್ಯಾಲೆ ಎಂಬ ನೃತ್ಯನಾಟಕವನ್ನು ಮೊದಲ ಸಲ ನೋಡಿದ ನಮ್ಮ ವಿದ್ಯಾವಂತರು ಕೇಳತಕ್ಕ ಪ್ರಶ್ನೆ ಇದು. ಎರಡು ಗಂಟೆಗಳ ಕಾಲ ರಂಗದ ಮೇಲೆ ಒಂದು ಮಾತಿಲ್ಲ, ಹಾಡೂ ಇಲ್ಲ. ಕುಣಿಯುವವರು ಕುಣಿಯುತ್ತಾರೆ, ರಂಗದ ಮುಂದೆ ತಗ್ಗಿನಲ್ಲಿ ಕುಳಿತ ವಾದ್ಯಗೋಷ್ಠಿಯವರು ನುಡಿಸುತ್ತಾರೆ. ಹಾಗಿದ್ದರೂ ಅಲ್ಲಿಯ ಪ್ರೇಕ್ಷಕರು ಕಣ್ಣೊರಸಿಕೊಳ್ಳಬೇಕಾದ ಕಡೆಯಲ್ಲಿ ತಪ್ಪದೆ ಕಣ್ಣೊರಸಿಕೊಳ್ಳುತ್ತಾರೆ. ಕಥೆ ಅವರಿಗೆ ತಿಳಿದ ಬಗೆ ಯಾವುದು? ಇದರ ಉತ್ತರಕ್ಕಾಗಿ ಪ್ಯಾರಿಸ್ ನಗರಕ್ಕೆ ಹೋಗುವ ಮೊದಲು ನಾವು ಸೇಡಂ, ಚಿತ್ತಾಪುರಗಳ ಕಡೆಗೆ ಒಮ್ಮೆ ಹೋಗಿಬರುವುದು ಲೇಸು.

ಕಲಬುರಗಿ ಜಿಲ್ಲೆಯ ಈ ಸೀಮೆಯ ಹೆಸರೆತ್ತಿದರೆ ಪಟ್ಟಣವಾಸಿಗಳಿಗೆ ನೆನಪಾಗುವುದು ಬೇರೆ ಸಂಗತಿಗಳು. ವಾಡಿಯೆಂದರೆ ರೈಲಿನ ಜಂಕ್ಷನ್ನು ಮತ್ತು ಸಿಮೆಂಟು, ಶಹಾಬಾದ್ ಎಂದರೆ ಮನೆಯ ನೆಲಕ್ಕೆ ಹಾಸುವ ಕಲ್ಲು, ಚಿಂಚೋಳಿಯೆಂದರೆ ಕಾಡು. ಓದಿದವರಿಗೆ ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವೆಂಬುದು ನೆನಪಾದೀತು. 1948ರ ವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, 1956ರಲ್ಲಿ ಉಳಿದ ಕನ್ನಡ ನಾಡಿನೊಡನೆ ಕೂಡಿದ ಈ ಭಾಗದಲ್ಲಿ, ಕುಣಿತದಿಂದ ಕಥೆ ಹೇಳುವ ವಿದ್ಯೆ ಹಳ್ಳಿಯ ಒಕ್ಕಲು ಮಕ್ಕಳ ಕೈಯಲ್ಲಿ ಉಳಿದುಬಂದಿದೆ ಎಂಬುದು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಕಥೆ ಹೇಳುವವನಿಗೆ ಎದುರಾಗುವ ಮೊದಲನೆಯ ತೊಡಕು ಹೆಸರಿನದು. ಎದುರಿಗೆ ನಿಂತವನು ಯಾರು? ಇದು ತಿಳಿಯದ ಹೊರತು ಅವನು ನಕ್ಕರೂ ಅತ್ತರೂ ನಮಗೆ ಒಂದೇ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ತೀರದ ಕನಗನಹಳ್ಳಿಯಲ್ಲಿ, 1990ರ ದಶಕದ ಅಗೆತದಿಂದ ಒಂದು ದೊಡ್ಡ ಬೌದ್ಧ ಸ್ತೂಪವು ಬೆಳಕಿಗೆ ಬಂದಿತಷ್ಟೆ. ಅದರ ಫಲಕಗಳಲ್ಲಿ ಕಥೆಗಳನ್ನು ಕಂಡರಿಸಿದ್ದಾರೆ. ಶಿಲ್ಪಿಯು ಹೆಸರಿನ ತೊಡಕನ್ನು ನೇರವಾಗಿಯೇ ಬಗೆಹರಿಸಿದನು: ಚಿತ್ರದೊಡನೆ ಬ್ರಾಹ್ಮೀ ಲಿಪಿಯಲ್ಲಿ ಹೆಸರನ್ನೇ ಕೆತ್ತಿಬಿಟ್ಟನು. ರಾಣಿಯೊಡನೆ ನಿಂತಿರುವ ರಾಜನ ಫಲಕದಲ್ಲಿ 'ರಾಯೋ ಅಸೋಕೋ' ಎಂದಿದೆ. ಇದರಿಂದ ಅಶೋಕನನ್ನು ನಾವು ಸಂಶಯವಿಲ್ಲದೆ ಗುರುತಿಸಬಹುದಾಗಿದೆ. ಆದರೆ ಕುಣಿಯುವವನ ಮೈಮೇಲೆ ಹೆಸರು ಬರೆಯುವಂತಿಲ್ಲವಲ್ಲ!

ದೊಡ್ಡಾಟದವರ ಉಪಾಯ ಬೇರೆ. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಅಟ್ಟ ಕಟ್ಟುತ್ತಾರೆ. ಹಿಂದುಗಡೆ ಭಾಗವತ, ಹಿಮ್ಮೇಳದ ಹಾಡುಗಾರರು, ಮದ್ದಳೆ, ತಾಳ, ಮುಖವೀಣೆ. ಇಬ್ಬರು ಒಂದು ತೆರೆ ಹಿಡಿದು ನಿಲ್ಲುತ್ತಾರೆ. ಪಾತ್ರಧಾರಿಯು ಮೊದಲು ಆ ತೆರೆಯ ಹಿಂದೆಯೇ ಕುಣಿಯತಕ್ಕದ್ದು. ನೋಡುವವರಿಗೆ ಕಿರೀಟದ ತುದಿಯಷ್ಟೇ ಕಾಣುತ್ತದೆ; ಆದರೆ ಕಿವಿಗೆ ಎಷ್ಟೋ ಸಂಗತಿ ಆಗಲೇ ಮುಟ್ಟಿರುತ್ತದೆ. ಹಲಗೆ ನಡುಗುವಂತೆ ಬೀಳುವ ಹೆಜ್ಜೆ, ಮದ್ದಳೆಯ ಬಿರುಸು, ನಡುನಡುವೆ ಒಂದು ಆರ್ಭಟ: ಬರುವವನು ರಾಕ್ಷಸನೆಂದು ಮಕ್ಕಳಿಗೂ ಗೊತ್ತು. ಗೆಜ್ಜೆಯ ಮೆಲುದನಿ, ವಿಳಂಬಿತ ಲಯ: ಬರುತ್ತಿರುವುದು ಸ್ತ್ರೀವೇಷ. ಆಮೇಲೆ ತೆರೆ ಸರಿಯುತ್ತದೆ. ಭುಜಕೀರ್ತಿಯ ಕನ್ನಡಿ ಚೂರುಗಳು ದೀಪಕ್ಕೆ ಹೊಳೆಯುತ್ತವೆ. ಸಾರಥಿಯೆಂಬವನು ಮುಂದೆ ಬಂದು ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಈ ಸಾರಥಿಯು ಸೂತ್ರಧಾರನೂ ಹೌದು, ವಿದೂಷಕನೂ ಹೌದು. ಅದಕ್ಕಿಂತ ಮುಖ್ಯವಾಗಿ, ಪ್ರೇಕ್ಷಕನ ಮನಸ್ಸಿನ ಪ್ರಶ್ನೆಗೆ ಅವನೇ ನಾಲಗೆ. ಹೆಸರು ತಿಳಿದ ಮೇಲೆ ಭಾಗವತನು ಪದ್ಯ ಹಾಡುತ್ತಾನೆ, ಪಾತ್ರವು ಅದಕ್ಕೆ ಕುಣಿಯುತ್ತದೆ, ಬಳಿಕ ಅದೇ ಅರ್ಥವನ್ನು ಗದ್ಯದಲ್ಲಿ ನುಡಿಯುತ್ತದೆ. ಒಂದೇ ಸಂಗತಿ ಮೂರು ಬಾರಿ ಬರುವುದು ಬೇಸರವೆಂದು ನಮ್ಮ ಪಟ್ಟಣಿಗರು ಆಕಳಿಸುತ್ತಾರೆ. ಈ ಮೂರಾವರ್ತಿಯಿಂದಲೇ ಹಳ್ಳಿಯವನ ಕಿವಿಯು ರಾಗವನ್ನೂ ಲಯವನ್ನೂ ವ್ಯಕ್ತಿಯೊಡನೆ ಕೂಡಿಸಿ ನೆನಪಿಡಲು ಕಲಿಯಿತೆಂದು ನಾವು ತಿಳಿಯುತ್ತೇವೆ.

ಇನ್ನು ಬ್ಯಾಲೆಗೆ ಬರೋಣ. ಅಲ್ಲಿಯೂ ಕೈಸನ್ನೆಗಳು ಉಂಟು. ಎದೆಯ ಮೇಲೆ ಕೈಯಿಟ್ಟರೆ ಪ್ರೇಮ; ಉಂಗುರದ ಬೆರಳನ್ನು ತೋರಿದರೆ ವಿವಾಹ; ಎರಡು ಬೆರಳು ಮೇಲೆತ್ತಿದರೆ ಆಣೆ; ತಲೆಯ ಮೇಲೆ ಎರಡು ಕೈಗಳನ್ನು ಸುತ್ತಿಸಿದರೆ ಕುಣಿಯೋಣವೆಂಬ ಕರೆ. ನಮ್ಮ ಹಸ್ತಮುದ್ರೆಗಳ ವಿಸ್ತಾರ ಇದಕ್ಕಿಲ್ಲ. ಒಂದು ಸಂಜೆಯಲ್ಲಿ ಕಲಿತು ಮುಗಿಸಬಹುದು. ಇಷ್ಟರಿಂದಲೇ ಕಥೆ ನಡೆಯಲಾರದು. ಇಲ್ಲಿ ವಿಚಾರಿಸುವುದಕ್ಕೆ ಸಾರಥಿಯಿಲ್ಲ. ಆ ಕೆಲಸವನ್ನು ಮಾಡುವುದು ವಾದ್ಯಗೋಷ್ಠಿ. ಬ್ಯಾಲೆಯಲ್ಲಿ ಸಂಗೀತವೇ ಸಾರಥಿ.

1841ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿದ 'ಜಿಸೆಲ್' ಎಂಬ ಬ್ಯಾಲೆಯನ್ನು ತೆಗೆದುಕೊಳ್ಳೋಣ. ಸಂಗೀತ ರಚಿಸಿದವನು ಅಡಾಲ್ಫ್ ಆಡಂ. ಜಿಸೆಲ್ ಹಳ್ಳಿಯ ಹುಡುಗಿ. ಅವಳನ್ನು ಒಲಿಸಿಕೊಂಡವನು ಬಡವನ ವೇಷದಲ್ಲಿ ಬಂದ ಒಬ್ಬ ದೊರೆಮಗ. ಮೊದಲನೆಯ ಅಂಕದಲ್ಲಿ ಅವಳು ಒಂದು ಹೂವಿನ ಎಸಳುಗಳನ್ನು ಒಂದೊಂದಾಗಿ ಕಿತ್ತು, ಒಲವುಂಟೋ ಇಲ್ಲವೋ ಎಂದು ಎಣಿಸುತ್ತಾಳೆ. ಅದಕ್ಕೊಂದು ಎಳೆಯ, ಸರಳವಾದ ರಾಗವಿದೆ. ಅಂಕದ ಕೊನೆಗೆ ಅವನಿಗೆ ಬೇರೊಬ್ಬಳೊಡನೆ ವಿವಾಹ ನಿಶ್ಚಯವಾಗಿದೆಯೆಂಬ ಗುಟ್ಟು ರಟ್ಟಾಗುತ್ತದೆ, ಹುಡುಗಿಗೆ ಚಿತ್ತಭ್ರಮಣೆ. ಆಗ ವಾದ್ಯಗಳಲ್ಲಿ ಅದೇ ಹೂವಿನ ರಾಗ ಮರಳಿ ಕೇಳಿಸುತ್ತದೆ, ಆದರೆ ತಡೆತಡೆದು, ತುಂಡುತುಂಡಾಗಿ. ಅವಳ ಕೈಯಲ್ಲಿ ಹೂವಿಲ್ಲ. ಬರಿಯ ಗಾಳಿಯಿಂದ ಎಸಳು ಕೀಳುತ್ತಾಳೆ. ಅವಳ ಮನಸ್ಸು ಯಾವ ಗಳಿಗೆಗೆ ಹಿಂದಿರುಗಿತೆಂಬುದನ್ನು ಯಾವ ಮಾತು ಇದಕ್ಕಿಂತ ಸ್ಪಷ್ಟವಾಗಿ ಹೇಳೀತು?

ರಷ್ಯದ ಚೈಕೋವ್‌ಸ್ಕಿಯು ಇದನ್ನು ಇನ್ನೂ ದೂರ ಕೊಂಡೊಯ್ದನು. ಅವನ 'ಸ್ವಾನ್ ಲೇಕ್', ಎಂದರೆ ಹಂಸ ಸರೋವರ, 1877ರಲ್ಲಿ ಮಾಸ್ಕೋದಲ್ಲಿ ಮೊದಲು ರಂಗವೇರಿದಾಗ ಅಷ್ಟಾಗಿ ರುಚಿಸಲಿಲ್ಲ. ಅವನು ತೀರಿಕೊಂಡ ಮೇಲೆ, 1895ರಲ್ಲಿ ಪೆಟಿಪಾ ಮತ್ತು ಇವಾನೋವ್ ಎಂಬವರು ಹೊಸದಾಗಿ ಸಂಯೋಜಿಸಿದ ರೂಪವೇ ಇಂದಿನ ಹೆಚ್ಚಿನ ಪ್ರಯೋಗಗಳಿಗೆ ತಳಹದಿ. ಶಾಪದಿಂದ ಹಂಸವಾದ ರಾಜಕುಮಾರಿ ಓಡೆಟ್. ಅವಳನ್ನು ಗುರುತಿಸುವ ರಾಗವನ್ನು ನುಡಿಸುವ ವಾದ್ಯ ಓಬೋ. ಎರಡು ಸೀಳು ನಾಲಗೆಯ ಪೀಪಿಯಿಂದ ಊದುವ ಈ ವಾದ್ಯಕ್ಕೂ ದೊಡ್ಡಾಟದ ಮುಖವೀಣೆಗೂ ಜಾತಿ ಒಂದೇ. ಮಾಂತ್ರಿಕನ ಮಗಳು ಓಡೆಟಳ ರೂಪದಲ್ಲಿ ಬಂದು ರಾಜಕುಮಾರನನ್ನು ಮರುಳು ಮಾಡುತ್ತಾಳೆ. ಎರಡು ಪಾತ್ರಗಳನ್ನೂ ಸಾಮಾನ್ಯವಾಗಿ ಒಬ್ಬಳೇ ಕುಣಿಯುವುದರಿಂದ ಕಣ್ಣನ್ನು ನಂಬುವಂತಿಲ್ಲ. ರಾಜಕುಮಾರನು ತಪ್ಪಿ ಆಣೆಯಿಟ್ಟುಬಿಡುತ್ತಾನೆ. ಕಿಟಕಿಯಾಚೆ ನಿಜವಾದ ಓಡೆಟಳ ಆಕೃತಿ ರೆಕ್ಕೆ ಬಡಿಯುತ್ತದೆ. ಹಂಸದ ರಾಗ ತಳಮಳದಿಂದ ಹೊಮ್ಮುತ್ತದೆ. ಕಣ್ಣು ಮುಚ್ಚಿಕೊಂಡು ಕೇಳುವ ನಮ್ಮ ಶ್ರೋತೃಗಳಿಗೂ ಅಲ್ಲಿ ಅನಾಹುತವಾಯಿತೆಂದು ತಿಳಿದೇ ತಿಳಿಯುತ್ತದೆ, ಆ ರಾಗವನ್ನು ಮುಂಚೆ ಸರೋವರದ ಬಳಿ ಕೇಳಿದ್ದರೆ.

ಈ 'ಕೇಳಿದ್ದರೆ' ಎಂಬುದರಲ್ಲಿಯೇ ಎಲ್ಲವೂ ಇದೆ. ಮೊದಲು ನಿಧಾನವಾಗಿ ಪರಿಚಯ ಮಾಡಿಸದ ರಾಗಕ್ಕೆ ಮರಳಿ ಬಂದಾಗ ಏನೂ ಅರ್ಥವಿರದು. ಈಚಿನ ವರ್ಷಗಳಲ್ಲಿ ದೊಡ್ಡಾಟವನ್ನು ಉತ್ಸವಗಳ ವೇದಿಕೆಗೆ ಕರೆತರುವಾಗ, ಬೆಳಗಿನ ವರೆಗೆ ನಡೆಯತಕ್ಕ ಆಟವನ್ನು ಒಂದೆರಡು ಗಂಟೆಗೆ ಇಳಿಸುವುದು ರೂಢಿಯಾಗಿದೆ. ಪಟ್ಟಣದವರ ಕಾಲಮಿತಿಯನ್ನು ನಾವು ಬಲ್ಲೆವು, ಇಳಿಸುವುದೇ ತಪ್ಪೆನ್ನುವುದಿಲ್ಲ. ಆದರೆ ಕತ್ತರಿಯು ಸುಲಭವಾಗಿ ಬೀಳುವುದು ತೆರೆಯ ಕುಣಿತದ ಮೇಲೆ, ಸಾರಥಿಯ ವಿಚಾರಣೆಯ ಮೇಲೆ; ಉಳಿಯುವುದು ಯುದ್ಧದ ಕುಣಿತ ಮತ್ತು ಗರ್ಜನೆ. ಜಿಸೆಲ್ ಬ್ಯಾಲೆಯಲ್ಲಿ ಸಮಯವಿಲ್ಲವೆಂದು ಹೂವಿನ ಆಟವನ್ನು ಬಿಟ್ಟು ಹುಚ್ಚಿನ ದೃಶ್ಯವನ್ನು ಮಾತ್ರ ತೋರಿಸಿದರೆ ಹೇಗಿರುವುದೋ ಇದೂ ಹಾಗೆಯೇ: ಕುಣಿತವುಂಟು, ಕಥೆಯಿಲ್ಲ. ಅದನ್ನು ನೋಡಿ, ದೊಡ್ಡಾಟವೆಂದರೆ ಬರಿಯ ಅಬ್ಬರವೆಂದು ಸಭಿಕರು ಎದ್ದು ಹೋದರೆ ತಪ್ಪು ಆಟದವರದಲ್ಲ.

ಕತ್ತರಿಸಲೇಬೇಕಾದರೆ ಗದ್ಯದ ಸ್ವಪ್ರಶಂಸೆಗಳಲ್ಲಿ ಕತ್ತರಿಸಲಿ. ಅಲ್ಲಿ ಬೇಕಾದಷ್ಟು ಸ್ಥಳವಿದೆ. ಇಲ್ಲವೇ ಇಡೀ ಪ್ರಸಂಗವನ್ನು ಹಿಂಡುವ ಬದಲು ಅದರ ಒಂದೇ ಭಾಗವನ್ನು, ತೆರೆ ಹಿಡಿಯುವುದರಿಂದ ಮೊದಲುಗೊಂಡು, ಪೂರ್ತಿಯಾಗಿ ಆಡಿಸಲಿ. ಬಾಗಲಕೋಟೆಯಲ್ಲಿ ಬಯಲಾಟಕ್ಕಾಗಿಯೇ ಒಂದು ಅಕಾಡೆಮಿ ಇರುವಾಗ ಇಂಥ ಏರ್ಪಾಡು ದುಸ್ಸಾಧ್ಯವೇನೂ ಅಲ್ಲ. ಸೇಡಂ, ಚಿಂಚೋಳಿಗಳ ಕಡೆ ಆಟ ಕಲಿಸುವವರನ್ನು ಯಾವ ಭಾಗ ಬಿಡಬಹುದೆಂದು ಮೊದಲು ಕೇಳಿ, ಆಮೇಲೆ ಗಡಿಯಾರವನ್ನು ನೋಡುವುದು ಸರಿಯಾದ ಕ್ರಮ.