ಹೊಟ್ಟೆ ಕಿರಿದಾದರೂ ಹಸಿವು

ನಮ್ಮ ರನ್ನ ಬೆಳಗಲಿಯ ಮಕ್ಕಳಿಗೆ ಗದಾಯುದ್ಧದ ಭೀಮನನ್ನು ಪರಿಚಯಿಸುವಾಗ 'ವೃಕೋದರ' ಎಂಬ ಹೆಸರನ್ನು ಬಿಡಿಸಿ ಹೇಳುವುದುಂಟು. ವೃಕವೆಂದರೆ ತೋಳ; ತೋಳನ ಹೊಟ್ಟೆಯಂಥ ಹೊಟ್ಟೆಯುಳ್ಳವನು ವೃಕೋದರ. ಮಕ್ಕಳು ನಗುತ್ತಾರೆ, ನಾನೂ ನಗುತ್ತಿದ್ದೆ. ನನ್ನ ತಂಗಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಮೇಲೆ ಆ ನಗೆ ನಿಂತಿತು.

ಮೊದಲ ಮೂರು ವಾರ ಆಕೆಯ ತೂಕ ಸರಸರನೆ ಇಳಿಯಿತು. ನಾಲ್ಕನೆಯ ವಾರ ತೂಕದ ಯಂತ್ರದ ಮುಳ್ಳು ಕದಲಲಿಲ್ಲ. ಆರನೆಯ ತಿಂಗಳಿಗೆ ಹಸಿವೂ ಮರಳಿ ಬಂದಿತು. "ಅಣ್ಣಾ, ಹೊಟ್ಟಿ ಕತ್ತರಿಸಿದ ಮ್ಯಾಲೂ ಹಸಿವು ಎಲ್ಲಿಂದ ಬರತೈತಿ? ನನಗ ಬಾಯಿ ಕಟ್ಟಾಕ ಬರೂದಿಲ್ಲ" ಎಂದು ಅತ್ತಳು. ಮನೆಗೆ ಬಂದ ಬೀಗರು "ಅಷ್ಟು ರೊಕ್ಕ ಸುರಿದು ಇಷ್ಟ ಏನು?" ಎಂದದ್ದು ಗಾಯದ ಮೇಲೆ ಬರೆ ಎಳೆದಂತಾಯಿತು. ಆಕೆಯೊಡನೆ ವೈದ್ಯರ ಬಳಿಗೆ ಹೋಗಿ ಕೇಳಿ ತಿಳಿದುದನ್ನು, ಇಂಥವರಿರುವ ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಈ ಚಿಕಿತ್ಸೆಯಲ್ಲಿ ಹಲವು ಬಗೆಗಳುಂಟು. ಆಕೆಗೆ ಮಾಡಿದ 'ಸ್ಲೀವ್' ಎಂಬುದರಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನು ತೆಗೆದು, ಉಳಿದುದನ್ನು ಬಾಳೆಹಣ್ಣಿನಂಥ ಕೊಳವೆಯಾಗಿ ಮಾಡುತ್ತಾರೆ. ಹಸಿವನ್ನು ಮಿದುಳಿಗೆ ಸಾರುವ 'ಗ್ರೆಲಿನ್' ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ತೆಗೆದುಹಾಕಿದ ಆ ಭಾಗದಲ್ಲಿಯೇ. ಜಪಾನಿನ ಕೋಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು 1999ರಲ್ಲಿ ಇದರ ಶೋಧವನ್ನು ಪ್ರಕಟಿಸಿದರು. ಆದುದರಿಂದಲೇ ಮೊದಲ ತಿಂಗಳುಗಳಲ್ಲಿ ಹಸಿವು ತಗ್ಗುತ್ತದೆ. ಆದರೆ ಹಸಿವಿಗೆ ಜಠರವೊಂದೇ ಒಡೆಯನಲ್ಲ. ಕೊಬ್ಬು ಕರಗಿದಂತೆಲ್ಲ, ಕೊಬ್ಬಿನಿಂದಲೇ ಹೊರಡುವ 'ಲೆಪ್ಟಿನ್' ಎಂಬ ಇನ್ನೊಂದು ಹಾರ್ಮೋನು ಕಡಿಮೆಯಾಗುತ್ತದೆ. ಮಿದುಳು ಅದನ್ನು ಬರಗಾಲವೆಂದು ಬಗೆದು, ಉಣ್ಣೆಂದು ಒತ್ತಾಯಿಸುತ್ತದೆ. ಮಳೆ ತಡವಾದಾಗ ನಮ್ಮ ಸೀಮೆಯ ರೈತನು ಹಗೇವಿನ ಜೋಳವನ್ನು ಅಳೆದು ತೆಗೆಯುತ್ತಿದ್ದಂತೆ ದೇಹದ ಖರ್ಚನ್ನೂ ತಗ್ಗಿಸುತ್ತದೆ.

ಮುಳ್ಳು ನಿಲ್ಲುವುದಕ್ಕೂ ಕಾರಣವುಂಟು. ಮೊದಲ ವಾರಗಳಲ್ಲಿ ಇಳಿದ ತೂಕದಲ್ಲಿ ನೀರಿನ ಪಾಲು ದೊಡ್ಡದು. ದೇಹ ಕೂಡಿಟ್ಟುಕೊಂಡ 'ಗ್ಲೈಕೋಜನ್' ಎಂಬ ಪಿಷ್ಟದ ಒಂದೊಂದು ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರು ಸೇರಿರುತ್ತದೆ. ಅದು ತೀರಿದ ಮೇಲೆ ಕೊಬ್ಬು ಕರಗುವ ಕೆಲಸ ನಿಧಾನವಾದುದು. ಇಳಿತವು ಸಾಮಾನ್ಯವಾಗಿ 12ರಿಂದ 18 ತಿಂಗಳವರೆಗೆ, ನಡುನಡುವೆ ನಿಂತು ನಿಂತು ಸಾಗುತ್ತದೆ. 100 ಕಿಲೋ ಇದ್ದವರು 75ರ ಆಸುಪಾಸಿಗೆ ಬಂದರೆ ಚಿಕಿತ್ಸೆ ಸೋತಿತೆನ್ನಲಾಗದು.

ಇನ್ನು ಮಾಡತಕ್ಕದ್ದೇನು? ತೂಕ ನಿಂತಿತೆಂದು ಉಪವಾಸ ಬೀಳಕೂಡದು, ಮಾಂಸಖಂಡ ಸೊರಗೀತು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂಬುದು ಸಾಮಾನ್ಯ ಸೂಚನೆ. ಆದುದರಿಂದ ತಾಟಿನಲ್ಲಿ ಮೊದಲು ಹೆಸರುಕಾಳು, ಮೊಸರು, ತತ್ತಿ, ರೊಟ್ಟಿ ಆಮೇಲೆ. ಉಣ್ಣುವಾಗ ನೀರು ಬೇಡ. ಉಂಡು ಅರ್ಧ ಗಂಟೆಯಾದ ಮೇಲೆ ಕುಡಿಯಬೇಕು. ಕಬ್ಬಿನ ಹಾಲು, ಸಕ್ಕರೆ ಬೆರೆತ ಚಹಾ ಹೊಟ್ಟೆ ತುಂಬಿಸದೆ ಜಾರಿಹೋಗಿ ತೂಕವನ್ನು ಮಾತ್ರ ಉಳಿಸುತ್ತವೆ. ಕೆಲವೊಮ್ಮೆ ಹುಳಿತೇಗಿನ ಉರಿಯೇ ಹಸಿವೆಂದು ತೋರುತ್ತದೆ. ತಂಗಿಗೆ ಅರ್ಧದಷ್ಟು ಅದೇ ಆಗಿದ್ದು, ಔಷಧದಿಂದ ತಗ್ಗಿತು. ವೈದ್ಯರು ಬರೆದುಕೊಟ್ಟ ಜೀವಸತ್ವ, ಕಬ್ಬಿಣ, ಸುಣ್ಣದಂಶದ ಗುಳಿಗೆಗಳನ್ನು ತಾವಾಗಿಯೇ ಬಿಡಕೂಡದು. ವಾಂತಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮನೆಯವರು ಮಾಡಬೇಕಾದುದು ಒಂದೇ: "ಎಷ್ಟು ಇಳಿದಿ?" ಎಂದು ದಿನವೂ ಕೇಳದಿರುವುದು. ತಂಗಿ ಈಗ ತಿಂಗಳಿಗೊಮ್ಮೆ ಮಾತ್ರ ತೂಕ ನೋಡಿಕೊಳ್ಳುತ್ತಾಳೆ. ಮೊಣಕಾಲ ನೋವು ತಗ್ಗಿದೆ. ಸಂಜೆಗೆ ಹೊಲದವರೆಗೂ ನಡೆದು ಬರುತ್ತಾಳೆ. ತರಗತಿಯಲ್ಲಿ ವೃಕೋದರನ ಹೆಸರು ಬಂದಾಗ ಮಕ್ಕಳು ಈಗಲೂ ನಗುತ್ತಾರೆ. ನಗಲಿ, ಆದರೆ ಹಸಿವು ಯಾರ ತಪ್ಪೂ ಅಲ್ಲವೆಂಬ ಮಾತನ್ನು ಹೇಳದೆ ನಾನು ಮುಂದಿನ ಪದ್ಯಕ್ಕೆ ಹೋಗುವುದಿಲ್ಲ.