ಹಳೆಯ ಕಾರುಗಳ ಎಂಜಿನ್ ದೋಷ ಮತ್ತು ಹೊಗೆಯ ಬಣ್ಣ: ವಾಹನ ಮಾಲೀಕರಿಗೆ ಮಾಹಿತಿ

ಮೋಟಾರು ವಾಹನಗಳ ಅಧಿನಿಯಮ, 1988ರನ್ವಯ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಮಾನ್ಯವಾಗಿದ್ದು, ತದನಂತರ ವಾಹನದ ತಪಾಸಣೆಗೆ ಒಳಪಟ್ಟು 5 ವರ್ಷಗಳಿಗೊಮ್ಮೆ ನವೀಕರಿಸಬೇಕಾಗುತ್ತದೆ. ಈ ಹಂತ ತಲುಪಿದ ಕಾರುಗಳಲ್ಲಿ ಹೊಗೆ ಕಾಣಿಸಿಕೊಳ್ಳುವುದು ಸಾಮಾನ್ಯ. ಹೊಗೆ ಕಂಡೊಡನೆ ಎಂಜಿನ್ ಬೋರ್ ಮಾಡಿಸಲು ಮುಂದಾಗಿ ಅನಗತ್ಯ ವೆಚ್ಚಕ್ಕೆ ಗುರಿಯಾಗುವ ಮಾಲೀಕರಿದ್ದಾರೆ. ಅದನ್ನೇ ಕಡೆಗಣಿಸಿ ಎಂಜಿನ್ನನ್ನು ಕಳೆದುಕೊಳ್ಳುವವರೂ ಇದ್ದಾರೆ. ದೋಷವನ್ನು ಸರಿಯಾಗಿ ಗುರುತಿಸಿದಲ್ಲಿ ಇವೆರಡನ್ನೂ ತಪ್ಪಿಸಬಹುದು.

ಮೂಲ ತತ್ವ

ಸುಸ್ಥಿತಿಯಲ್ಲಿರುವ ಪೆಟ್ರೋಲ್ ಎಂಜಿನ್ ಬಿಸಿಯಾದ ನಂತರ ಕಣ್ಣಿಗೆ ಕಾಣುವ ಹೊಗೆಯನ್ನು ಬಿಡುವುದಿಲ್ಲ. ಹೊಗೆ ಕಂಡಲ್ಲಿ ಪೆಟ್ರೋಲ್, ಎಂಜಿನ್ ಆಯಿಲ್ ಅಥವಾ ರೇಡಿಯೇಟರ್ ನೀರು, ಈ ಮೂರರಲ್ಲೊಂದು ಸಿಲಿಂಡರಿಗೆ ಅಧಿಕವಾಗಿ ಅಥವಾ ಅಕ್ರಮವಾಗಿ ಸೇರುತ್ತಿದೆ ಎಂದರ್ಥ. ಹೊಗೆಯ ಬಣ್ಣವು ಯಾವ ದ್ರವವೆಂಬುದನ್ನೂ, ಅದು ಕಾಣಿಸಿಕೊಳ್ಳುವ ಸಮಯವು ಆ ದ್ರವ ಬರುತ್ತಿರುವ ದಾರಿಯನ್ನೂ ಸೂಚಿಸುತ್ತದೆ.

1. ಕಪ್ಪು ಹೊಗೆ

ಇಂಧನ ಹೆಚ್ಚಾಗಿ, ಗಾಳಿ ಕಡಿಮೆಯಾದಾಗ ಕಪ್ಪು ಹೊಗೆ ಬರುತ್ತದೆ. ಮೈಲೇಜು ಇಳಿಯುವುದು ಹಾಗೂ ಸ್ಪಾರ್ಕ್ ಪ್ಲಗ್ಗಿನ ಮೇಲೆ ಒಣ ಮಸಿ ಕೂಡುವುದು ಇದರ ಇತರ ಲಕ್ಷಣಗಳು. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿರುವುದು, ಚೋಕ್ ಪೂರ್ಣವಾಗಿ ಹಿಂದಕ್ಕೆ ಹೋಗದಿರುವುದು, ಕಾರ್ಬುರೇಟರಿನ ಫ್ಲೋಟ್ ಸೂಜಿ ಸವೆದು ಪೆಟ್ರೋಲ್ ಉಕ್ಕುವುದು ಪ್ರಮುಖ ಕಾರಣಗಳಾಗಿವೆ. ಮಾರುತಿ 800ರ ಹಳೆಯ ಮಾದರಿಗಳಂತಹ ಕಾರ್ಬುರೇಟರ್ ವಾಹನಗಳಲ್ಲಿ ಇವನ್ನು ಎಂಜಿನ್ ಬಿಚ್ಚದೆಯೇ ಸರಿಪಡಿಸಬಹುದು. ಡೀಸೆಲ್ ಕಾರುಗಳಲ್ಲಿ ಏರ್ ಫಿಲ್ಟರ್ ಹಾಗೂ ಇಂಜೆಕ್ಟರುಗಳನ್ನು ಮೊದಲು ಪರೀಕ್ಷಿಸತಕ್ಕದ್ದು.

2. ನೀಲಿ ಹೊಗೆ

ಎಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ ಇದಾಗಿದೆ. ಅನಗತ್ಯ ವೆಚ್ಚವಾಗುವುದು ಬಹುತೇಕ ಇಲ್ಲಿಯೇ ಆದುದರಿಂದ ಸಮಯವನ್ನು ವಿಶೇಷವಾಗಿ ಗಮನಿಸಬೇಕು.

(ಅ) ಬೆಳಿಗ್ಗೆ ಚಾಲೂ ಮಾಡಿದಾಗ ಒಮ್ಮೆ ಬಂದು ನಿಲ್ಲುವ ಹೊಗೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಪುನಃ ಒತ್ತಿದಾಗ ಬರುವ ಹೊಗೆಯು ಸಾಮಾನ್ಯವಾಗಿ ವಾಲ್ವ್ ಸೀಲುಗಳು ಗಟ್ಟಿಯಾಗಿರುವುದನ್ನು ತೋರಿಸುತ್ತದೆ. ಪಿಸ್ಟನ್ ಹೊರತೆಗೆಯದೆ ಸೀಲುಗಳನ್ನು ಬದಲಿಸಬಹುದು.

(ಆ) ಏರು ರಸ್ತೆಯಲ್ಲಿ ಎಂಜಿನ್ ಎಳೆಯುವಾಗ ನಿರಂತರವಾಗಿ ಬರುವ ಹೊಗೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆತದ ಲಕ್ಷಣ.

ಖಚಿತಪಡಿಸಿಕೊಳ್ಳಲು ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಹಾಕಿ ಪುನಃ ಅಳೆದಾಗ ಒತ್ತಡ ಏರಿದರೆ ದೋಷ ರಿಂಗುಗಳಲ್ಲಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿದೆ. ಈ ಪರೀಕ್ಷೆ ಮಾಡಿಸದೆ ಬೋರ್ ಕೆಲಸಕ್ಕೆ ಒಪ್ಪಿಗೆ ನೀಡುವುದು ಸೂಕ್ತವಲ್ಲ.

3. ಬಿಳಿ ಹೊಗೆ

ಚಳಿಯ ಬೆಳಗಿನಲ್ಲಿ ಬಂದು ಎಂಜಿನ್ ಬಿಸಿಯಾದಂತೆ ಮರೆಯಾಗುವ ಬಿಳಿ ಆವಿಯು ದೋಷವಲ್ಲ. ಬಿಸಿಯಾದ ನಂತರವೂ ದಟ್ಟವಾಗಿ ಮುಂದುವರಿದು, ರೇಡಿಯೇಟರ್ ನೀರು ಪದೇ ಪದೇ ಕಡಿಮೆಯಾಗುತ್ತಿದ್ದಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಆಯಿಲ್ ತುಂಬುವ ಮುಚ್ಚಳದ ಒಳಗೆ ಅಥವಾ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ಲೋಳೆ ಕಂಡರೆ ನೀರು ಆಯಿಲ್‌ಗೆ ಸೇರಿರಬಹುದು. ಇಂತಹ ವಾಹನವನ್ನು ಓಡಿಸಿದಲ್ಲಿ ಹೆಡ್ ಸೊಟ್ಟಗಾಗಿ ಬೇರಿಂಗುಗಳೂ ಹಾಳಾಗುವುದರಿಂದ, ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯತಕ್ಕದ್ದು.

4. ಹೊಗೆಯಿಲ್ಲದ ದೋಷ

ಹೊಗೆಯಿಲ್ಲದೆ ಎಂಜಿನ್ ನಡುಗುತ್ತಿದ್ದರೆ ಸ್ಪಾರ್ಕ್ ಪ್ಲಗ್, ಪ್ಲಗ್ ವೈರು ಹಾಗೂ ಡಿಸ್ಟ್ರಿಬ್ಯೂಟರ್ ಮುಚ್ಚಳವನ್ನು ಮೊದಲು ಪರೀಕ್ಷಿಸಬೇಕು. ಮಾರುತಿ 800ರಲ್ಲಿ ಇರುವುದು ಮೂರೇ ಸಿಲಿಂಡರ್. ಒಂದು ಕೆಲಸ ನಿಲ್ಲಿಸಿದರೂ ಶಕ್ತಿಯ ಮೂರನೇ ಒಂದು ಭಾಗದಷ್ಟು ನಷ್ಟವಾಗುತ್ತದೆ.

5. ವಾಯುಮಾಲಿನ್ಯ ತಪಾಸಣೆಯ ಅಂಕಿಗಳು

ಪೆಟ್ರೋಲ್ ವಾಹನಗಳ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹಾಗೂ ಹೈಡ್ರೋಕಾರ್ಬನ್ ಪ್ರಮಾಣಗಳನ್ನು ಅಳೆಯಲಾಗುತ್ತದೆ. ಭಾರತ್ ಸ್ಟೇಜ್-2ಕ್ಕಿಂತ ಹಿಂದಿನ ನಾಲ್ಕು ಚಕ್ರದ ವಾಹನಗಳಿಗೆ ಇವುಗಳ ಮಿತಿ ಕ್ರಮವಾಗಿ ಶೇಕಡ 3 ಮತ್ತು ದಶಲಕ್ಷಕ್ಕೆ 1500 ಭಾಗ. ಸ್ಟೇಜ್-2 ಮತ್ತು 3ರ ವಾಹನಗಳಿಗೆ ಶೇಕಡ 0.5 ಮತ್ತು 750 ಭಾಗ. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಇಂಧನ ಅಧಿಕವಾಗಿದೆಯೆಂದೂ, ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಕಿಡಿ ಸರಿಯಾಗಿ ಹಾರುತ್ತಿಲ್ಲ ಅಥವಾ ಆಯಿಲ್ ಉರಿಯುತ್ತಿದೆ ಎಂದೂ ಊಹಿಸಬಹುದು. ಈ ತಪಾಸಣೆಯು ಹೊಗೆಯ ಬಣ್ಣವನ್ನಾಗಲೀ ಆಯಿಲ್ ಖರ್ಚನ್ನಾಗಲೀ ಅಳೆಯುವುದಿಲ್ಲವಾದ್ದರಿಂದ, ಪ್ರಮಾಣಪತ್ರ ದೊರೆತ ಮಾತ್ರಕ್ಕೆ ಎಂಜಿನ್ ನಿರ್ದೋಷವೆಂದು ಭಾವಿಸಬಾರದು. ಹಳೆಯ ಚೀಟಿಗಳನ್ನು ಇಟ್ಟುಕೊಂಡು ಹೋಲಿಸಿ ನೋಡುವುದು ಉಪಯುಕ್ತ.

ಸುರಕ್ಷತಾ ಸೂಚನೆಗಳು

* ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಿ ಹೊಗೆಯನ್ನು ಪರೀಕ್ಷಿಸಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಾಗಲೀ ವಾಸನೆಯಾಗಲೀ ಇಲ್ಲ, ಅದು ಪ್ರಾಣಾಪಾಯಕಾರಿ.
* ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದ್ದಲ್ಲಿ ಈ ಅನಿಲವು ಕಾರಿನೊಳಗೂ ಸೇರಬಹುದಾದುದರಿಂದ ತಕ್ಷಣ ಬದಲಿಸಬೇಕು.
* ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ತೆಗೆಯಬಾರದು.

ಮಾಲೀಕರು ಹೊಗೆಯ ಬಣ್ಣ, ಕಾಣಿಸಿದ ಸಮಯ ಹಾಗೂ ತಿಂಗಳಿಗೆ ಹಾಕಿದ ಆಯಿಲ್ ಮತ್ತು ನೀರಿನ ಪ್ರಮಾಣವನ್ನು ಬರೆದಿಟ್ಟು ಮೆಕ್ಯಾನಿಕ್‌ಗೆ ತೋರಿಸುವುದು ಹಾಗೂ ಕಡಿಮೆ ವೆಚ್ಚದ ಪರೀಕ್ಷೆಗಳು ಮುಗಿದ ನಂತರವೇ ಎಂಜಿನ್ ಬಿಚ್ಚಲು ಅನುಮತಿ ನೀಡುವುದು ಸೂಕ್ತ.