ಸೂರ್ಯನ ಕುದುರೆಯ ಕುಲವೂ ನೆಲೆಯೂ

ಮಳೆಗಾಲ ಮುಗಿಯುವ ಹೊತ್ತಿಗೆ ಗಲಗಲಿಯ ಕಬ್ಬಿನ ಬದುಗಳಲ್ಲಿ, ರಾತ್ರಿ ಟ್ಯೂಬ್‌ಲೈಟಿನ ಪಕ್ಕದ ಗೋಡೆಯಲ್ಲಿ, ಮುಂಗಾಲು ಮಡಚಿ ಕುಳಿತ ಹಸಿರು ಹುಳವನ್ನು ನಾವೆಲ್ಲ ನೋಡಿದ್ದೇವೆ. ಕನ್ನಡದಲ್ಲಿ ಅದು ಸೂರ್ಯನ ಕುದುರೆ. ಅರಬ್ಬಿಯಲ್ಲಿ ‘ಫರಸುನ್ನಬಿ’, ಅಂದರೆ ಪ್ರವಾದಿಯವರ ಕುದುರೆ. ಫಾರಸಿಯಲ್ಲಿ ‘ಆಖೂಂದಕ್’, ಪುಟ್ಟ ಮುಲ್ಲಾ. ವಿಜ್ಞಾನದಲ್ಲಿ ಬಳಸುವ ‘ಮ್ಯಾಂಟಿಸ್’ ಗ್ರೀಕ್ ಪದ. ಭವಿಷ್ಯ ಹೇಳುವವನು ಎಂದು ಅರ್ಥ. ಇಷ್ಟು ದೂರದೂರದ ಜನರು ಒಂದೇ ಹುಳದಲ್ಲಿ ದೈವಭಕ್ತಿಯನ್ನು ಕಂಡದ್ದು ಸೋಜಿಗವೇ ಸರಿ. ಆದರೆ ದುಆ ಕೇಳುವಂತೆ ಎತ್ತಿದ ಆ ಕೈಗಳ ಒಳಬದಿಯಲ್ಲಿ ಗರಗಸದಂಥ ಮುಳ್ಳುಗಳಿವೆ. ನೊಣವೋ ಪತಂಗವೋ ಹತ್ತಿರ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿಬೀಳುತ್ತದೆ.

ನೋಡಲು ಮಿಡತೆಯಂತಿದ್ದರೂ ಇದು ಮಿಡತೆಯ ಬಳಗದ್ದಲ್ಲ. 1758ರಲ್ಲಿ ಲಿನಿಯಸ್ ಇದನ್ನು ಮಿಡತೆಗಳ ಜೊತೆಗೇ ಸೇರಿಸಿದ್ದರು. ನಿಜವಾಗಿ ಇದಕ್ಕೆ ಹತ್ತಿರದ ಸಂಬಂಧಿಗಳು ಜಿರಳೆ ಮತ್ತು ಗೆದ್ದಲು. ಜಿರಳೆ ಮೊಟ್ಟೆಗಳನ್ನು ಒಂದೇ ಕೋಶದಲ್ಲಿ ಕಟ್ಟಿಡುವಂತೆ ಇದೂ ನೊರೆಯೊಳಗೆ ಮೊಟ್ಟೆ ಇಡುತ್ತದೆ. ನೊರೆ ಒಣಗಿ ಗಟ್ಟಿಯಾದ ಗೂಡಾಗುತ್ತದೆ.

ಜಗತ್ತಿನಲ್ಲಿ 2,400ಕ್ಕೂ ಹೆಚ್ಚು ಜಾತಿಯ ಮ್ಯಾಂಟಿಸ್‌ಗಳಿವೆ. ಭಾರತದಲ್ಲಿ 160ಕ್ಕಿಂತ ಹೆಚ್ಚು. ಬಹುಪಾಲು ಇರುವುದು ಉಷ್ಣವಲಯದಲ್ಲೇ. ಇವನ್ನೆಲ್ಲ ಗುಂಪು ಮಾಡುವುದು ಹೇಗೆ? ವಾಣಿಜ್ಯ ವಿಭಾಗದವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ. ‘ಮುಂಗಡ ಕೊಟ್ಟ ಬಾಡಿಗೆ’ಯಲ್ಲಿ ಬಾಡಿಗೆ ಎಂಬ ಪದವಿದೆ ಎಂದು ಅದನ್ನು ಈ ವರ್ಷದ ವೆಚ್ಚಕ್ಕೆ ಸೇರಿಸಿದರೆ ಲೆಕ್ಕ ತಪ್ಪುತ್ತದೆ, ಅದು ಆಸ್ತಿ. ಕೀಟಶಾಸ್ತ್ರದಲ್ಲೂ ಬಹಳ ಕಾಲ ಹೀಗೆಯೇ ಆಯಿತು. ಮರದ ತೊಗಟೆಯ ಮೇಲೆ ಬದುಕುವ ಮ್ಯಾಂಟಿಸ್‌ಗಳು ಚಪ್ಪಟೆ, ತೊಗಟೆಯದೇ ಬಣ್ಣ, ಓಟದಲ್ಲಿ ಚುರುಕು. ನಮ್ಮ ದೇಶದ ಹಂಬರ್ಟಿಯೆಲ್ಲಾ ಮತ್ತು ದಕ್ಷಿಣ ಅಮೆರಿಕದ ಲಿಟರ್ಗುಸಾ ಎರಡೂ ಹೀಗಿರುವುದರಿಂದ ಒಂದೇ ಕುಟುಂಬದಲ್ಲಿ ಬರೆದಿದ್ದರು. 2009ರಲ್ಲಿ ಗೇವಿನ್ ಸ್ವೆನ್ಸನ್ ಮತ್ತು ಮೈಕಲ್ ವೈಟಿಂಗ್ ಡಿಎನ್‌ಎ ಹೋಲಿಸಿದಾಗ ಬೇರೆಯೇ ಚಿತ್ರ ಬಂತು. ಒಂದೇ ಬಗೆಯ ಬದುಕು ಬೇರೆ ಬೇರೆ ಖಂಡಗಳಲ್ಲಿ ಒಂದೇ ಬಗೆಯ ದೇಹವನ್ನು ಮತ್ತೆ ಮತ್ತೆ ರೂಪಿಸಿತ್ತು. ಅನೇಕ ಕಡೆ ರೂಪಕ್ಕಿಂತ ನೆಲೆಯೇ ರಕ್ತಸಂಬಂಧಕ್ಕೆ ಉತ್ತಮ ಗುರುತಾಗಿತ್ತು. 2019ರಲ್ಲಿ ಕ್ರಿಶ್ಚಿಯನ್ ಶ್ವಾರ್ಟ್ಸ್ ಮತ್ತು ರೊಜೆ ರಾಯ್ ಇಡೀ ಪಟ್ಟಿಯನ್ನೇ ತಿದ್ದಿ ಬರೆದರು. ಈಗ ಲಿಟರ್ಗುಸಾ ಅಮೆರಿಕದ ಕುಟುಂಬವೊಂದರಲ್ಲಿದೆ, ಹಂಬರ್ಟಿಯೆಲ್ಲಾ ಬೇರೆ ಕುಟುಂಬದಲ್ಲಿದೆ.

ನೆಲೆಗೆ ಇಷ್ಟು ಮಹತ್ವ ಬಂದದ್ದಕ್ಕೆ ಕಾರಣವಿದೆ. ಹಲವು ಜಾತಿಗಳ ಹೆಣ್ಣು ಮೈಭಾರದಿಂದ ಹೆಚ್ಚು ಹಾರಲಾರದು, ಕೆಲವಕ್ಕಂತೂ ಸರಿಯಾದ ರೆಕ್ಕೆಯೇ ಇಲ್ಲ. ಹೀಗಾಗಿ ಗುಂಪುಗಳು ತಮ್ಮ ಖಂಡದಲ್ಲೇ ಉಳಿದು ಬೆಳೆದಿವೆ. ಸಮುದ್ರ ದಾಟಿಸಿದವರು ಮನುಷ್ಯರು. ಯುರೋಪಿನ ಮ್ಯಾಂಟಿಸ್ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1899ರಲ್ಲಿ ಕಾಣಿಸಿತು. ಗಿಡಗಳ ಸರಕಿಗೆ ಅಂಟಿದ್ದ ಮೊಟ್ಟೆಗೂಡಿನಿಂದ ಬಂದಿರಬೇಕೆಂದು ಹೇಳುತ್ತಾರೆ. ಬಿಲ್ ಇಲ್ಲದೆ ಹೋದ ರಫ್ತು!

ನಮ್ಮ ಭಾಗದಲ್ಲಿ ಎರಡು ಬಗೆಯ ನೆಲವಿದೆ. ಕೃಷ್ಣೆಯ ದಡದ ನೀರಾವರಿ ಹಸಿರು ಒಂದು. ಬೀಳಗಿ, ಮುಧೋಳ ಕಡೆಯ ಯಡಹಳ್ಳಿ ಚಿಂಕಾರ ಧಾಮದಂಥ ಒಣ ಕುರುಚಲು ಇನ್ನೊಂದು. ಹಸಿರಿಗೆ ಒಪ್ಪುವುದು ಹೈರೊಡುಲಾ ಗುಂಪು: ದಪ್ಪ ಮೈ, ಎಲೆ ಹಸಿರು, ಮುಂರೆಕ್ಕೆಯ ಮೇಲೊಂದು ತಿಳಿ ಚುಕ್ಕೆ. ಇದರ ಜಾತಿಗಳು ಭಾರತದಿಂದ ನ್ಯೂಗಿನಿವರೆಗೆ ಹರಡಿವೆ. ಒಣ ಕುರುಚಲಿಗೆ ಒಪ್ಪುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಪಿಟೀಲು ಮ್ಯಾಂಟಿಸ್, ಗಾಂಜಿಲಸ್. ಕಡ್ಡಿಯಂಥ ಉದ್ದ ಎದೆ, ಕಾಲುಗಳಿಗೆ ಒಣ ಎಲೆ ಅಂಟಿಸಿದಂಥ ಪದರ, ಗಂಡಿಗೆ ಗರಿಯಂಥ ಮೀಸೆ. ನಲವತ್ತು ಡಿಗ್ರಿ ಬಿಸಿಲೂ ಇದಕ್ಕೆ ಹೆಚ್ಚಲ್ಲ. ಇದರ ಕುಟುಂಬ ಆಫ್ರಿಕ, ದಕ್ಷಿಣ ಯುರೋಪ್, ಏಷ್ಯಾಗಳಲ್ಲಿದೆ, ಅಮೆರಿಕ ಖಂಡಗಳಲ್ಲಿ ಇಲ್ಲ. ನನಗೆ ಎಲ್ಲಕ್ಕಿಂತ ಚೆಂದ ಅನ್ನಿಸುವುದು ಇದೇ.

ಸೂರ್ಯನ ಕುದುರೆಯನ್ನು ರೈತನ ಮಿತ್ರ ಎನ್ನುವುದುಂಟು. ಅದು ಅರ್ಧ ಸತ್ಯ: ಬೆಳೆ ತಿನ್ನುವ ಹುಳದಂತೆ ಜೇನುನೊಣವನ್ನೂ ಅದು ಹಿಡಿದು ತಿನ್ನುತ್ತದೆ, ತನ್ನವರನ್ನೂ ಬಿಡುವುದಿಲ್ಲ. ಆದರೆ ಬೆಂಕಿಯ ಮುಂದೆ ಅದಕ್ಕೆ ಉಪಾಯವಿಲ್ಲ. ಕಬ್ಬು ಕಡಿದ ಮೇಲೆ ನಮ್ಮಲ್ಲಿ ರವದಿಗೆ ಬೆಂಕಿ ಹಚ್ಚುತ್ತಾರೆ; ಬದುವಿನ ಒಣ ಹುಲ್ಲಿಗೂ ಅದು ಹಬ್ಬುತ್ತದೆ. ಆ ಗರಿ, ಆ ಕಡ್ಡಿಗಳಿಗೇ ಮೊಟ್ಟೆಗೂಡು ಅಂಟಿರುತ್ತದೆ. ಒಂದು ಗೂಡಿನಲ್ಲಿ ಹತ್ತಾರು, ದೊಡ್ಡ ಜಾತಿಯಾದರೆ ನೂರಕ್ಕೂ ಹೆಚ್ಚು ಮರಿ. ಹಾರಿ ದೂರ ಹೋಗದ ಹುಳ ಒಮ್ಮೆ ಸುಟ್ಟುಹೋದ ಹೊಲಕ್ಕೆ ಬೇಗ ಮರಳುವುದಿಲ್ಲ. ರವದಿಯನ್ನು ಸುಡದೆ ಸಾಲಿನ ನಡುವೆ ಹರಡಿ ಕೊಳೆಯಲು ಬಿಡುವ ರೈತರೂ ಇದ್ದಾರೆ. ಬೆಂಕಿ ಬೀಳದ ಹೊಲದ ಬದುವಿನಲ್ಲಿ, ಕಡ್ಡಿಗೆ ಅಂಟಿದ ಕಂದು ಬಣ್ಣದ ಒಣ ನೊರೆಯಂಥ ಗಂಟನ್ನು ಹುಡುಕಿ ನೋಡಿ.